ಎಡೆದೊರೆ ನಾಡಿನ ಸೇತುವೆ: ಒಂದು ಪುಟಾಣಿ ರೈಲಿನ ನೆಪದಲ್ಲಿ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ನಮ್ಮ ಸೀಮೆಯನ್ನು ಹಳೆಯ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಇಂತಹ ನಾಡಿಗೆ ಉತ್ತರದಿಂದಾಗಲಿ ದಕ್ಷಿಣದಿಂದಾಗಲಿ ರೈಲು ಬರಬೇಕಾದರೆ ಹೊಳೆ ದಾಟಲೇಬೇಕು. 1853ರಲ್ಲಿ ಮುಂಬಯಿ–ಠಾಣೆಗಳ ನಡುವೆ ಓಟ ಆರಂಭಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ಸೊಲ್ಲಾಪುರ, ಕಲಬುರಗಿಗಳ ಮಾರ್ಗವಾಗಿ ಬಂದು, ಕೃಷ್ಣೆಯನ್ನು ದಾಟಿ ರಾಯಚೂರು ಸೇರಿತು. ಮದ್ರಾಸ್ ರೈಲ್ವೆಯು ತುಂಗಭದ್ರೆಯನ್ನು ದಾಟಿ ಎದುರಾಯಿತು. ಇಬ್ಬರೂ ರಾಯಚೂರಿನಲ್ಲಿ ಕೈ ಕುಲುಕಿದ್ದು 1871ರಲ್ಲಿ.

ಆದರೆ ಜವಳಗೇರಾದ ಮಕ್ಕಳಿಗೆ ಇದರಿಂದ ಬಂದದ್ದೇನು? ರೈಲು ನೋಡಬೇಕೆಂದರೆ ಮಾನ್ವಿಯ ಮೇಲೆ ರಾಯಚೂರಿನ ಬಸ್ಸು ಹಿಡಿಯಬೇಕಿತ್ತು. ನನ್ನ ತರಗತಿಯಲ್ಲಿ ರೈಲನ್ನೇ ಕಾಣದವರು ಅರ್ಧಕ್ಕಿಂತ ಹೆಚ್ಚಿದ್ದರು. ಆದುದರಿಂದ ಶಾಲೆಯ ವಸ್ತುಪ್ರದರ್ಶನಕ್ಕೆಂದು ಮಾಡಿದ ಪುಟಾಣಿ ರೈಲುಮಾರ್ಗದಲ್ಲಿ ಸುರಂಗ ಬೇಡ, ಕೃಷ್ಣೆಯ ಸೇತುವೆಯೇ ಇರಲಿ ಎಂದು ನಾನು ಹಟ ಹಿಡಿದೆ.

ಲೆಕ್ಕ ಹಾಕಿದಾಗ ಹುಡುಗರು ಬೆರಗಾದರು. ಮಾದರಿ ರೈಲುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ 87ಕ್ಕೆ 1. ಕೃಷ್ಣಾ ಸೇತುವೆ ಒಂದು ಕಿಲೋಮೀಟರಿಗೂ ಉದ್ದ. ಒಂದು ಕಿಲೋಮೀಟರೆಂದರೂ ಈ ಅಳತೆಯಲ್ಲಿ ಹನ್ನೊಂದೂವರೆ ಮೀಟರು. ನಮ್ಮ ಕೊಠಡಿಗೆ ಅಷ್ಟು ಉದ್ದವೇ ಇರಲಿಲ್ಲ! ಕೊನೆಗೆ ನಾಲ್ಕೇ ಅಂಕಣಗಳ ಸೇತುವೆ ಕಟ್ಟಿ, “ನಿಜವಾದ ಸೇತುವೆ ಇದಕ್ಕಿಂತ ಬಹಳ ಉದ್ದ” ಎಂಬ ಚೀಟಿ ಅಂಟಿಸಿದೆವು. ಮಾದರಿ ಮಾಡುವವರೆಲ್ಲ ಹೀಗೆಯೇ ಸಂಕ್ಷೇಪಿಸುತ್ತಾರೆ. ಚೀಟಿ ಅಂಟಿಸುವವರು ಮಾತ್ರ ಕಡಿಮೆ.

ವಿವರಗಳ ವಿಷಯದಲ್ಲಿ ನಾನು ರಿಯಾಯಿತಿ ಕೊಡಲಿಲ್ಲ. ಹಳಿಯ ಕೆಳಗೆ ಎರಡು ರಟ್ಟಿನ ಗೋಡೆ ನಿಲ್ಲಿಸಿದರೆ ಅದು ಸೇತುವೆಯಾಗದು. ಪ್ರವಾಹ ಬರುವ ದಿಕ್ಕಿಗೆ ಕಂಬದ ಮೂಗು ಚೂಪಾಗಿರಬೇಕು, ನೀರು ಸೀಳಿ ಹೋಗಲು. 2009ರ ಅಕ್ಟೋಬರಿನಲ್ಲಿ ಮಂತ್ರಾಲಯವನ್ನೇ ಮುಳುಗಿಸಿದ ತುಂಗಭದ್ರೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಸೇತುವೆಯ ಮೇಲೆ ಓಡುವ ಹಳಿಗಳ ಒಳಬದಿಗೆ ಮತ್ತೊಂದು ಜೊತೆ ಹಳಿ ಇರಬೇಕು; ಗಾಲಿ ತಪ್ಪಿದರೂ ಬಂಡಿ ನದಿಗೆ ಉರುಳದಂತೆ ಅವು ತಡೆಯುತ್ತವೆ. ರೈಲು ಬಂದಾಗ ಗ್ಯಾಂಗ್‌ಮನ್ ಸರಿದು ನಿಲ್ಲುವ ಪುಟ್ಟ ಕಟಕಟೆಗಳನ್ನೂ ಬೆಂಕಿಕಡ್ಡಿಯಿಂದ ಮಾಡಿಸಿದೆ. ಜನ ಬಂದವರು ಎಂಜಿನ್ನನ್ನು ನೋಡಿದರೇ ಹೊರತು ಕಟಕಟೆಯನ್ನಲ್ಲ, ಇರಲಿ.

ಎಲ್ಲಕ್ಕಿಂತ ಸ್ವಾರಸ್ಯದ ಪ್ರಶ್ನೆಯನ್ನು ಹುಡುಗಿಯೊಬ್ಬಳು ಕೇಳಿದಳು: “ಸರ್, ತೊಲೆಯ ಒಂದು ತುದಿಯನ್ನು ಯಾಕೆ ಬಿಗಿಯಾಗಿ ಅಂಟಿಸಬಾರದು?” ನಮ್ಮ ರಾಯಚೂರಿನ ಬಿಸಿಲೇ ಉತ್ತರ. ಮೂವತ್ತು ಮೀಟರಿನ ಕಬ್ಬಿಣದ ತೊಲೆ ಮೂವತ್ತು ಡಿಗ್ರಿ ಹೆಚ್ಚು ಕಾದರೆ ಸುಮಾರು ಒಂದು ಸೆಂಟಿಮೀಟರು ಹಿಗ್ಗುತ್ತದೆ. ಜಾರಲು ಎಡೆಯಿಲ್ಲದಿದ್ದರೆ ಕಂಬವನ್ನೇ ನೂಕೀತು. ನಮ್ಮ ಮಾದರಿಯಲ್ಲಿ ಆ ಹಿಗ್ಗು ಕೂದಲೆಳೆಯಷ್ಟು. ಆದರೂ ಆ ತುದಿಯ ಕೆಳಗೆ ಗುಂಡುಸೂಜಿಗಳನ್ನು ಉರುಳೆಗಳಂತೆ ಇಟ್ಟೆವು.

ಗಿಣಿಗೇರಿಯಿಂದ ಗಂಗಾವತಿ, ಕಾರಟಗಿಗಳ ಮೂಲಕ ಹೊಸ ಮಾರ್ಗ ಸಿಂಧನೂರಿಗೆ ತಲುಪಿದ್ದು 2024ರ ಮಾರ್ಚಿನಲ್ಲಿ. ರಾಯಚೂರಿನ ಸಂಗಮವಾಗಿ ಆಗಲೇ 153 ವರ್ಷ. ಈ ಮಾರ್ಗ ಎರಡು ಹೊಳೆಗಳ ನಡುವೆಯೇ ಸಾಗುವುದರಿಂದ ಅದಕ್ಕೆ ಕೃಷ್ಣೆಯಂತಹ ಮಹಾಸೇತುವೆ ಬೇಕಾಗಲಿಲ್ಲ. ಹಳ್ಳ, ಕಾಲುವೆಗಳನ್ನು ದಾಟಿದರೆ ಸಾಕಾಯಿತು. ಆ ಹುಡುಗಿ ಈಗ ಎರಡು ಮಕ್ಕಳ ತಾಯಿ. ಸಿಂಧನೂರಿನಿಂದ ಮಕ್ಕಳನ್ನು ರೈಲು ಹತ್ತಿಸಿದ ದಿನ ನನಗೆ ಫೋನು ಮಾಡಿದ್ದಳು. ಕಾಲುವೆಯ ಸೇತುವೆ ಬಂದಾಗ ಒಳಹಳಿ ಇದೆಯೇ ಎಂದು ಕಿಟಕಿಯಿಂದ ಬಗ್ಗಿ ನೋಡಿದಳಂತೆ.