ಫಿನ್‌ಲೆಂಡ್ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಹಾಗೂ ಡಾಕ್ಟರೇಟ್ ವ್ಯಾಸಂಗ: ಅರ್ಜಿದಾರರಿಗೆ ಮಾಹಿತಿ

ಫಿನ್‌ಲೆಂಡ್ ದೇಶದಲ್ಲಿ ಸ್ನಾತಕೋತ್ತರ ಅಥವಾ ಡಾಕ್ಟರೇಟ್ ಪದವಿ ವ್ಯಾಸಂಗ ಮಾಡಲು ಇಚ್ಛಿಸುವ ಅಭ್ಯರ್ಥಿಗಳ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಪ್ರವೇಶ ನೀಡುವ ಅಧಿಕಾರವು ಆಯಾ ವಿಶ್ವವಿದ್ಯಾಲಯಕ್ಕೂ, ನಿವಾಸ ಪರವಾನಗಿ ನೀಡುವ ಅಧಿಕಾರವು ಫಿನ್‌ಲೆಂಡಿನ ವಲಸೆ ಇಲಾಖೆಗೂ ಸೇರಿರುತ್ತದೆ. ಅರ್ಜಿಯನ್ನು ರಾಜ್ಯ ಸರ್ಕಾರದ ಯಾವುದೇ ಕಚೇರಿಯ ಮುಖಾಂತರ ಸಲ್ಲಿಸುವ ಅವಶ್ಯಕತೆ ಇರುವುದಿಲ್ಲ. ಮಧ್ಯವರ್ತಿಗಳ ಮುಖಾಂತರ ಸಲ್ಲಿಸುವ ಅವಶ್ಯಕತೆಯೂ ಇರುವುದಿಲ್ಲ.

ಸಂಸ್ಥೆಗಳ ಸ್ವರೂಪ

ಸದರಿ ದೇಶದಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳು ಎರಡು ಬಗೆಯವು. ಮೊದಲನೆಯದು ಸಂಶೋಧನೆಯನ್ನು ಮುಖ್ಯವಾಗಿ ಉಳ್ಳ ವಿಶ್ವವಿದ್ಯಾಲಯ. ಎರಡನೆಯದು ವೃತ್ತಿಪರ ಶಿಕ್ಷಣ ನೀಡುವ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯ. ಡಾಕ್ಟರೇಟ್ ಪದವಿಯನ್ನು ಮೊದಲನೆಯ ಬಗೆಯ ಸಂಸ್ಥೆಗಳು ಮಾತ್ರ ನೀಡುತ್ತವೆ. ಎರಡನೆಯ ಬಗೆಯ ಸಂಸ್ಥೆಗಳ ಸ್ನಾತಕೋತ್ತರ ಪದವಿಗೆ, ಹಿಂದಿನ ಪದವಿ ಪಡೆದ ನಂತರ ಸಂಬಂಧಿತ ಕ್ಷೇತ್ರದಲ್ಲಿ ಎರಡು ವರ್ಷಗಳ ಸೇವಾನುಭವ ಅವಶ್ಯ. ಈ ವ್ಯತ್ಯಾಸವನ್ನು ಗಮನಿಸದೆ, ಅಂತಿಮ ವರ್ಷದ ಪರೀಕ್ಷೆ ಬರೆದ ಕೂಡಲೇ ಅಲ್ಲಿಗೆ ಅರ್ಜಿ ಹಾಕುವ ಅಭ್ಯರ್ಥಿಯ ಅರ್ಜಿ ಅರ್ಹತೆಯ ಹಂತದಲ್ಲಿಯೇ ನಿಲ್ಲುತ್ತದೆ.

ಹೆಲ್ಸಿಂಕಿ ವಿಶ್ವವಿದ್ಯಾಲಯವು 1640ರಲ್ಲಿ ಟುರ್ಕು ನಗರದಲ್ಲಿ ಸ್ಥಾಪನೆಗೊಂಡು 1828ರಲ್ಲಿ ಹೆಲ್ಸಿಂಕಿಗೆ ಸ್ಥಳಾಂತರಗೊಂಡಿತು. ತಾಂತ್ರಿಕ, ವಾಣಿಜ್ಯ ಮತ್ತು ಕಲಾ ವಿನ್ಯಾಸದ ಮೂರು ಸಂಸ್ಥೆಗಳು ವಿಲೀನಗೊಂಡು 2010ರಲ್ಲಿ ಆಲ್ಟೊ ವಿಶ್ವವಿದ್ಯಾಲಯ ರಚನೆಯಾಯಿತು. ಟಾಂಪೆರೆ ವಿಶ್ವವಿದ್ಯಾಲಯವೂ 2019ರ ವಿಲೀನದಿಂದ ಈಗಿನ ರೂಪಕ್ಕೆ ಬಂದಿದೆ. ಹಳೆಯ ಕೈಪಿಡಿಗಳಲ್ಲಿ ಕಾಣುವ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯ ಎಂಬ ಹೆಸರಿನ ಸಂಸ್ಥೆ ಇಂದು ಪ್ರತ್ಯೇಕವಾಗಿ ಅಸ್ತಿತ್ವದಲ್ಲಿ ಇರುವುದಿಲ್ಲ. ಓಲು, ಯುವಾಸ್ಕುಲಾ, ಟುರ್ಕು, ಪೂರ್ವ ಫಿನ್‌ಲೆಂಡ್ ಮತ್ತು ಲಾಪ್ಪೆನ್‌ರಾಂಟ ಲಾಹ್ತಿ ವಿಶ್ವವಿದ್ಯಾಲಯಗಳಲ್ಲಿಯೂ ಇಂಗ್ಲಿಷ್ ಮಾಧ್ಯಮದ ಸ್ನಾತಕೋತ್ತರ ಕೋರ್ಸುಗಳಿವೆ.

ಸ್ನಾತಕೋತ್ತರ ಪದವಿಗೆ ಅರ್ಜಿ

ಅರ್ಜಿಯನ್ನು ಸ್ಟಡಿಇನ್ಫೊ ಎಂಬ ಅಧಿಕೃತ ಅಂತರ್ಜಾಲ ತಾಣದಲ್ಲಿ ಸಲ್ಲಿಸತಕ್ಕದ್ದು. ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ಆರಂಭವಾಗುವ ತರಗತಿಗಳಿಗೆ ಬಹುಪಾಲು ಅರ್ಜಿಗಳನ್ನು ಅದರ ಹಿಂದಿನ ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಸ್ವೀಕರಿಸಲಾಗುತ್ತದೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳ ಫಲಿತಾಂಶ ಬರುವ ಕಾಲಕ್ಕೆ ಅಲ್ಲಿನ ಬಾಗಿಲು ಮುಚ್ಚಿ ಹಲವು ತಿಂಗಳುಗಳಾಗಿರುತ್ತವೆ. ಆದುದರಿಂದ ಅಂತಿಮ ವರ್ಷದಲ್ಲಿರುವಾಗಲೇ ಸಿದ್ಧತೆ ಆರಂಭಿಸುವುದು ಸೂಕ್ತ.

ಫಿನ್‌ಲೆಂಡಿನ ಪದವಿಯು ಮೂರು ವರ್ಷಗಳ 180 ಕ್ರೆಡಿಟ್‌ಗಳದ್ದು. ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿಯು ಸಾಮಾನ್ಯವಾಗಿ ಎರಡು ವರ್ಷಗಳ 120 ಕ್ರೆಡಿಟ್‌ಗಳದ್ದು. ಒಂದು ವರ್ಷದ 60 ಕ್ರೆಡಿಟ್‌ಗಳಿಗೆ ಸುಮಾರು 1,600 ಗಂಟೆಗಳ ವಿದ್ಯಾರ್ಥಿ ಶ್ರಮವೆಂದು ಲೆಕ್ಕ. ಅಲ್ಲಿನ ಪದವಿಯೇ ಮೂರು ವರ್ಷದ್ದಾಗಿರುವುದರಿಂದ, ಮೂರು ವರ್ಷದ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಪದವೀಧರರು ಕೇವಲ ಅವಧಿಯ ಕಾರಣಕ್ಕೆ ಹಿಂಜರಿಯಬೇಕಾಗಿಲ್ಲ. ಆದರೆ ಅಭ್ಯಸಿಸಿದ ವಿಷಯಗಳು ಕೋರ್ಸಿಗೆ ಹೊಂದಿಕೆಯಾಗಬೇಕು. ವಾಣಿಜ್ಯ ಪದವೀಧರನು ದತ್ತಾಂಶ ವಿಜ್ಞಾನದ ಕೋರ್ಸಿಗೆ ಅರ್ಜಿ ಹಾಕಿದಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರದ ಪತ್ರಿಕೆಗಳನ್ನು ಎಷ್ಟು ಓದಿದ್ದಾನೆ ಎಂಬುದನ್ನು ನೋಡುತ್ತಾರೆಯೇ ಹೊರತು ಒಟ್ಟು ಶೇಕಡಾವಾರು ಅಂಕಗಳನ್ನು ಮಾತ್ರವಲ್ಲ. ವಾಣಿಜ್ಯ ನಿರ್ವಹಣೆಯ ಕೆಲವು ಕೋರ್ಸುಗಳಿಗೆ ಜಿ.ಮ್ಯಾಟ್ ಅಥವಾ ಜಿ.ಆರ್.ಇ. ಅಂಕಗಳನ್ನೂ ಕೇಳಲಾಗುತ್ತದೆ.

ಭಾಷಾ ಪ್ರಮಾಣ ಪತ್ರದ ವಿಷಯದಲ್ಲಿ ಅಭ್ಯರ್ಥಿಗಳು ವಿಶೇಷ ಗಮನ ಹರಿಸತಕ್ಕದ್ದು. ಕಾಲೇಜಿನಲ್ಲಿ ಬೋಧನಾ ಮಾಧ್ಯಮ ಇಂಗ್ಲಿಷ್ ಆಗಿತ್ತು ಎಂದು ಪ್ರಾಂಶುಪಾಲರು ನೀಡುವ ಪತ್ರವು ಹಲವು ವಿಶ್ವವಿದ್ಯಾಲಯಗಳಲ್ಲಿ ಮಾನ್ಯವಾಗುವುದಿಲ್ಲ. ಐ.ಇ.ಎಲ್.ಟಿ.ಎಸ್. ಅಥವಾ ಟೋಫೆಲ್ ಮುಂತಾದ ಪರೀಕ್ಷೆಯ ಫಲಿತಾಂಶ ಬೇಕಾಗುತ್ತದೆ. ಐ.ಇ.ಎಲ್.ಟಿ.ಎಸ್.ನಲ್ಲಿ ಒಟ್ಟು 6.5 ಎಂಬುದು ಸಾಮಾನ್ಯ ನಿರೀಕ್ಷೆ. ಬರವಣಿಗೆ ವಿಭಾಗಕ್ಕೆ ಪ್ರತ್ಯೇಕ ಕನಿಷ್ಠ ಅಂಕ ಇರಬಹುದು.

ಭಾರತದ ಪದವಿಗಳಿಗೆ ಸಂಬಂಧಿಸಿದಂತೆ ವಿಶ್ವವಿದ್ಯಾಲಯಗಳು ದೇಶವಾರು ನಿಯಮಗಳನ್ನು ಪ್ರಕಟಿಸುತ್ತವೆ. ಅಂಕಪಟ್ಟಿಯ ನಕಲನ್ನು ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದ ಮಾತ್ರಕ್ಕೆ ಸಾಲದೆ, ಪದವಿ ನೀಡಿದ ವಿಶ್ವವಿದ್ಯಾಲಯದಿಂದಲೇ ದೃಢೀಕರಣವನ್ನು ಅಪೇಕ್ಷಿಸುವುದುಂಟು. ಪರೀಕ್ಷಾಂಗ ಕುಲಸಚಿವರ ಕಚೇರಿಯಿಂದ ಟ್ರಾನ್ಸ್‌ಕ್ರಿಪ್ಟ್ ಪಡೆಯಲು ತಗಲುವ ಸಮಯವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

ಹೆಸರಿನ ವ್ಯತ್ಯಾಸ

ಇದು ಚಿಕ್ಕ ವಿಷಯವೆಂದು ತೋರಿದರೂ ಕರ್ನಾಟಕದ ಅರ್ಜಿದಾರರಿಗೆ ತೊಡಕಾಗುವ ವಿಷಯ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಊರಿನ ಹಾಗೂ ತಂದೆಯ ಹೆಸರಿನ ಮೊದಲಕ್ಷರಗಳು ಮಾತ್ರ ಇದ್ದು, ಪಾಸ್‌ಪೋರ್ಟಿನಲ್ಲಿ ಅವು ವಿಸ್ತರಿಸಿಕೊಂಡಿರುತ್ತವೆ. ಇಲ್ಲವೇ ಕುಲನಾಮದ ಕಾಲಂ ಖಾಲಿಯೇ ಇರುತ್ತದೆ. ಫಿನ್‌ಲೆಂಡಿನ ನಮೂನೆಗಳು ಸ್ವಂತ ಹೆಸರು ಮತ್ತು ಕುಲನಾಮ ಎರಡನ್ನೂ ಕೇಳುತ್ತವೆ. ಎಲ್ಲ ಅರ್ಜಿಗಳಲ್ಲಿಯೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರನ್ನು ನಮೂದಿಸತಕ್ಕದ್ದು. ಅಂಕಪಟ್ಟಿಯ ಹೆಸರು ಭಿನ್ನವಾಗಿದ್ದಲ್ಲಿ, ಎರಡೂ ಒಬ್ಬರದೇ ಎಂಬ ಬಗ್ಗೆ ನೋಟರಿಯ ಸಮಕ್ಷಮದ ಪ್ರಮಾಣ ಪತ್ರವನ್ನು ಇಂಗ್ಲಿಷಿನಲ್ಲಿ ಸಿದ್ಧಪಡಿಸಿಟ್ಟುಕೊಳ್ಳುವುದು ಒಳಿತು. ಭಾಷಾ ಪರೀಕ್ಷೆಗೆ ನೋಂದಾಯಿಸುವಾಗಲೂ ಇದೇ ಹೆಸರು ಇರಬೇಕು.

ಶುಲ್ಕ

ಯುರೋಪಿಯನ್ ಒಕ್ಕೂಟ ಹಾಗೂ ಯುರೋಪಿಯನ್ ಆರ್ಥಿಕ ವಲಯದ ಹೊರಗಿನ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಮಾಧ್ಯಮದ ಪದವಿ ಮತ್ತು ಸ್ನಾತಕೋತ್ತರ ಕೋರ್ಸುಗಳಲ್ಲಿ ಬೋಧನಾ ಶುಲ್ಕವು 2017ರ ಆಗಸ್ಟ್‌ನಿಂದ ಕಡ್ಡಾಯವಾಗಿದೆ. ಅದಕ್ಕೂ ಹಿಂದಿನ, ಫಿನ್‌ಲೆಂಡಿನಲ್ಲಿ ಓದು ಎಲ್ಲರಿಗೂ ಉಚಿತ ಎಂಬ ಮಾತು ಇಂದಿಗೂ ಬಾಯಿಂದ ಬಾಯಿಗೆ ಸಾಗುತ್ತಿದೆ. ಭಾರತೀಯ ಸ್ನಾತಕೋತ್ತರ ವಿದ್ಯಾರ್ಥಿಗೆ ಅದು ಅನ್ವಯಿಸುವುದಿಲ್ಲ. ಆರಂಭದಲ್ಲಿ ಕಾನೂನು ವಿಧಿಸಿದ್ದ ಕನಿಷ್ಠ ಮಿತಿ ವರ್ಷಕ್ಕೆ 1,500 ಯೂರೋ ಆಗಿತ್ತಾದರೂ, ವಿಶ್ವವಿದ್ಯಾಲಯಗಳು ವಿಧಿಸುತ್ತ ಬಂದಿರುವ ಶುಲ್ಕ ಸಾಮಾನ್ಯವಾಗಿ 8,000 ದಿಂದ 20,000 ಯೂರೋಗಳಷ್ಟು. ಇದಲ್ಲದೆ 2025ರ ಶರತ್ಕಾಲದ ತರಗತಿಗಳಿಂದ ಮೊದಲುಗೊಂಡು 100 ಯೂರೋ ಅರ್ಜಿ ಶುಲ್ಕವನ್ನೂ ಜಾರಿಗೆ ತರಲಾಗಿದೆ. ಒಂದೇ ಅವಧಿಯಲ್ಲಿ ಆರಂಭವಾಗುವ ಕೋರ್ಸುಗಳ ಎಲ್ಲ ಅರ್ಜಿಗಳಿಗೂ ಒಮ್ಮೆ ಪಾವತಿಸಿದರೆ ಸಾಕು. ಪಾವತಿಯಾಗದ ಅರ್ಜಿಯನ್ನು ಪರಿಶೀಲಿಸುವುದಿಲ್ಲ.

ಅರ್ಹತೆಯ ಆಧಾರದ ಮೇಲೆ ಬೋಧನಾ ಶುಲ್ಕದಲ್ಲಿ ಪೂರ್ಣ ಅಥವಾ ಭಾಗಶಃ ವಿನಾಯಿತಿ ನೀಡುವ ವಿದ್ಯಾರ್ಥಿವೇತನಗಳನ್ನು ವಿಶ್ವವಿದ್ಯಾಲಯಗಳೇ ನಿರ್ವಹಿಸುತ್ತವೆ. ಇದಕ್ಕೆ ಅನೇಕ ಕಡೆ ಪ್ರವೇಶದ ಅರ್ಜಿಯಲ್ಲಿಯೇ ಕೋರಿಕೆ ಸಲ್ಲಿಸಬೇಕಾಗುತ್ತದೆ. ನಂತರ ಕೇಳಿದರೆ ಅವಕಾಶವಿರುವುದಿಲ್ಲ. ಪರಿಶಿಷ್ಟ ಜಾತಿ ಮುಂತಾದ ವರ್ಗಗಳ ಅಭ್ಯರ್ಥಿಗಳು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವನ್ನೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರು ರಾಜ್ಯದ ಪ್ರಬುದ್ಧ ಯೋಜನೆಯನ್ನೂ ಪರಿಶೀಲಿಸಬಹುದು. ಇವುಗಳ ಆದಾಯ ಮಿತಿ ಮತ್ತು ವಯೋಮಿತಿಯನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ನೋಡಿಕೊಳ್ಳತಕ್ಕದ್ದು.

ಡಾಕ್ಟರೇಟ್ ವ್ಯಾಸಂಗ

ಡಾಕ್ಟರೇಟ್ ಹಂತದಲ್ಲಿ ಯಾವುದೇ ದೇಶದ ಅಭ್ಯರ್ಥಿಗೂ ಬೋಧನಾ ಶುಲ್ಕ ಇರುವುದಿಲ್ಲ. ಆದರೆ ಪ್ರವೇಶ ಬೇರೆ, ಹಣಕಾಸು ಬೇರೆ. ಪ್ರವೇಶ ಪತ್ರ ಕೈಗೆ ಬಂದ ಮಾತ್ರಕ್ಕೆ ವೇತನವಾಗಲಿ, ಫೆಲೋಶಿಪ್ ಆಗಲಿ ಬರುವುದಿಲ್ಲ ಎಂಬುದನ್ನು ಅರ್ಜಿದಾರರು ಚೆನ್ನಾಗಿ ಮನಗಾಣತಕ್ಕದ್ದು. ಅನುದಾನದ ದಾರಿಗಳು ಮೂರು: ವಿಶ್ವವಿದ್ಯಾಲಯವು ಜಾಹೀರಾತು ಮಾಡುವ ವೇತನಸಹಿತ ಸಂಶೋಧಕ ಹುದ್ದೆ, ಪ್ರಾಧ್ಯಾಪಕರ ಯೋಜನೆಯಲ್ಲಿ ನೇಮಕ, ಅಥವಾ ಕೋನೆ ಪ್ರತಿಷ್ಠಾನ, ಫಿನ್ನಿಷ್ ಸಾಂಸ್ಕೃತಿಕ ಪ್ರತಿಷ್ಠಾನದಂತಹ ಖಾಸಗಿ ನಿಧಿಗಳ ಅನುದಾನ. ಇವುಗಳಲ್ಲಿ ಮೊದಲನೆಯದೇ ಹೊರದೇಶದ ಅಭ್ಯರ್ಥಿಗೆ ಹೆಚ್ಚು ಭದ್ರವಾದುದು. 2024ರಲ್ಲಿ ಅಲ್ಲಿನ ಸರ್ಕಾರವು ಮೂರು ವರ್ಷಗಳಲ್ಲಿ ಪದವಿ ಮುಗಿಸುವ ಉದ್ದೇಶದಿಂದ 1,000 ಹೊಸ ಡಾಕ್ಟರೇಟ್ ಸಂಶೋಧಕರಿಗೆ 255 ದಶಲಕ್ಷ ಯೂರೋಗಳ ಪ್ರಾಯೋಗಿಕ ಯೋಜನೆಯನ್ನು ಆರಂಭಿಸಿತು. ವಾಡಿಕೆಯ ಅವಧಿ ಪೂರ್ಣಕಾಲಿಕವಾಗಿ ನಾಲ್ಕು ವರ್ಷ.

ಅರ್ಜಿಗೆ ಮುನ್ನ ಮಾರ್ಗದರ್ಶಕರ ಒಪ್ಪಿಗೆ ಪಡೆಯುವುದು ಹೆಚ್ಚಿನ ಕಡೆ ಅವಶ್ಯ. ಒಂದೇ ಒಕ್ಕಣೆಯ ಪತ್ರವನ್ನು ಇಪ್ಪತ್ತು ಪ್ರಾಧ್ಯಾಪಕರಿಗೆ ಕಳುಹಿಸುವುದರಿಂದ ಪ್ರಯೋಜನ ಕಡಿಮೆ. ಸಂಬಂಧಪಟ್ಟ ಪ್ರಾಧ್ಯಾಪಕರ ಇತ್ತೀಚಿನ ಪ್ರಬಂಧಗಳನ್ನು ಓದಿ, ಅಭ್ಯರ್ಥಿಯ ಪ್ರಶ್ನೆ ಅದಕ್ಕೆ ಎಲ್ಲಿ ಸೇರುತ್ತದೆ ಎಂಬುದನ್ನು ಒಂದು ಪುಟದಲ್ಲಿ ತಿಳಿಸುವ ಪತ್ರಕ್ಕೆ ಉತ್ತರ ಬರುವ ಸಂಭವ ಹೆಚ್ಚು. ಸಂಶೋಧನಾ ಯೋಜನೆಯಲ್ಲಿ ಪ್ರಶ್ನೆ, ವಿಧಾನ, ದತ್ತಾಂಶದ ಮೂಲ, ವೇಳಾಪಟ್ಟಿ ಮತ್ತು ಹಣಕಾಸಿನ ಮೂಲ ಇರತಕ್ಕದ್ದು.

ಪ್ರಬಂಧವನ್ನು ಏಕಗ್ರಂಥವಾಗಿ ಬರೆಯಬಹುದು, ಅಥವಾ ಪ್ರಕಟಿತ ಲೇಖನಗಳ ಸಂಕಲನಕ್ಕೆ ಸಾರಾಂಶ ಸೇರಿಸಿ ಸಲ್ಲಿಸಬಹುದು. ಪೂರ್ವ ಪರೀಕ್ಷಕರು ಲಿಖಿತ ಅಭಿಪ್ರಾಯ ನೀಡಿದ ನಂತರ ಬಹಿರಂಗ ಸಮರ್ಥನೆ ನಡೆಯುತ್ತದೆ. ಅಲ್ಲಿ ಎದುರಾಳಿ ಎಂದು ಅಧಿಕೃತವಾಗಿ ಕರೆಯಲ್ಪಡುವ ಹೊರಗಿನ ವಿದ್ವಾಂಸರು ಪ್ರಶ್ನಿಸುತ್ತಾರೆ, ಸಾರ್ವಜನಿಕರೂ ಹಾಜರಿರಬಹುದು. ಪದವಿ ಪ್ರದಾನ ಸಮಾರಂಭದಲ್ಲಿ ಡಾಕ್ಟರ್ ಟೋಪಿಯೊಂದಿಗೆ ಖಡ್ಗವನ್ನೂ ಧರಿಸುವ ಪದ್ಧತಿ ಇದೆಯಾದರೂ, ಸದರಿ ಸಮಾರಂಭದಲ್ಲಿ ಭಾಗವಹಿಸುವುದು ಐಚ್ಛಿಕ.

ನಿವಾಸ ಪರವಾನಗಿ

ಪ್ರವೇಶ ದೊರೆತ ನಂತರ ನಿಗದಿತ ದಿನಾಂಕದೊಳಗೆ ಸ್ಥಾನವನ್ನು ಸ್ವೀಕರಿಸತಕ್ಕದ್ದು. ಒಂದೇ ಅವಧಿಯಲ್ಲಿ ಆರಂಭವಾಗುವ ಪದವಿ ಸ್ಥಾನಗಳಲ್ಲಿ ಒಂದನ್ನು ಮಾತ್ರ ಸ್ವೀಕರಿಸಲು ಅವಕಾಶವಿದೆ. ಶುಲ್ಕ ಪಾವತಿಸಿ, ಎಂಟರ್ ಫಿನ್‌ಲೆಂಡ್ ಎಂಬ ತಾಣದಲ್ಲಿ ನಿವಾಸ ಪರವಾನಗಿಗೆ ಅರ್ಜಿ ಸಲ್ಲಿಸಿ, ನಂತರ ಸೂಚಿತ ಕೇಂದ್ರದಲ್ಲಿ ಖುದ್ದಾಗಿ ಹಾಜರಾಗಿ ಬೆರಳಚ್ಚು ನೀಡಿ ಮೂಲ ದಾಖಲೆಗಳನ್ನು ತೋರಿಸತಕ್ಕದ್ದು. ಫಿನ್‌ಲೆಂಡಿನ ರಾಯಭಾರ ಕಚೇರಿಯು ನವದೆಹಲಿಯಲ್ಲಿದೆ.

ಜೀವನ ನಿರ್ವಹಣೆಗೆ ವಿದ್ಯಾರ್ಥಿಯು ತಿಂಗಳಿಗೆ 800 ಯೂರೋ, ಅಂದರೆ ವರ್ಷಕ್ಕೆ 9,600 ಯೂರೋ ತೋರಿಸಬೇಕಾಗುತ್ತದೆ. ಬೋಧನಾ ಶುಲ್ಕ ಇದರಲ್ಲಿ ಸೇರುವುದಿಲ್ಲ. ಈ ಹಣವು ಅರ್ಜಿದಾರರ ಸ್ವಂತ ಹೆಸರಿನ ಖಾತೆಯಲ್ಲಿ ಇರತಕ್ಕದ್ದು. ತಂದೆಯ ನಿಶ್ಚಿತ ಠೇವಣಿ, ಮಾವನವರ ಖಾತರಿ ಪತ್ರ, ಜಮೀನಿನ ಪಹಣಿ ಇವುಗಳಿಂದ ಷರತ್ತು ಪೂರೈಸಿದಂತೆ ಆಗುವುದಿಲ್ಲ. ಪರವಾನಗಿಗಾಗಿ ಕೈಸಾಲ ತಂದು ಖಾತೆಗೆ ತುಂಬಿ, ಮಂಜೂರಾದ ಮೇಲೆ ಹಿಂತಿರುಗಿಸುವ ಸಲಹೆಯನ್ನು ಯಾರಾದರೂ ನೀಡಿದಲ್ಲಿ ಅದನ್ನು ಒಪ್ಪತಕ್ಕದ್ದಲ್ಲ. ಅಲ್ಲಿ ತಲುಪಿದ ಮೊದಲ ಚಳಿಗಾಲದಲ್ಲಿ ಬಾಡಿಗೆಗೆ ಹಣವಿಲ್ಲದೆ ಕಷ್ಟಕ್ಕೆ ಸಿಲುಕುವವರು ವಿದ್ಯಾರ್ಥಿಗಳೇ. ಸ್ಥಳೀಯ ಭಾಷೆ ಬಾರದವರಿಗೆ ಅರೆಕಾಲಿಕ ಕೆಲಸ ಕೂಡಲೇ ದೊರೆಯುವ ಭರವಸೆ ಇಲ್ಲ. ವಾರಕ್ಕೆ ಸರಾಸರಿ 30 ಗಂಟೆ ದುಡಿಯಲು ಕಾನೂನಿನಲ್ಲಿ ಅವಕಾಶವಿದೆ ಎಂಬುದನ್ನು ಆದಾಯವೆಂದು ಎಣಿಸಿ ಆಯವ್ಯಯ ಹಾಕಿಕೊಳ್ಳಬಾರದು.

2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಕಾನೂನಿನಂತೆ ಪದವಿ ವಿದ್ಯಾರ್ಥಿಗಳಿಗೆ ವ್ಯಾಸಂಗದ ಪೂರ್ಣ ಅವಧಿಗೆ ಪರವಾನಗಿ ನೀಡಲಾಗುತ್ತದೆ. ಪದವಿಯ ನಂತರ ಉದ್ಯೋಗ ಅರಸಲು ಎರಡು ವರ್ಷಗಳ ಪರವಾನಗಿಗೆ ಅರ್ಜಿ ಸಲ್ಲಿಸಬಹುದು. ಆರೋಗ್ಯ ವಿಮೆಯು ಫಿನ್‌ಲೆಂಡ್ ಪ್ರವೇಶಿಸುವ ದಿನದಿಂದಲೇ ಜಾರಿಯಲ್ಲಿರಬೇಕು. ಡಾಕ್ಟರೇಟ್ ಅಭ್ಯರ್ಥಿಗಳು ಸ್ನಾತಕೋತ್ತರ ಪದವಿ ಹೊಂದಿದ್ದು ಸಂಸ್ಥೆಯೊಂದಿಗೆ ಆತಿಥ್ಯ ಒಪ್ಪಂದ ಇದ್ದಲ್ಲಿ ಸಂಶೋಧಕರ ಪರವಾನಗಿಗೂ ಅರ್ಜಿ ಸಲ್ಲಿಸಬಹುದು. ಪತಿ ಅಥವಾ ಪತ್ನಿಯನ್ನು ಕರೆದೊಯ್ಯುವವರು ವಿವಾಹ ನೋಂದಣಿ ಪ್ರಮಾಣ ಪತ್ರಕ್ಕೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಪಡೆಯತಕ್ಕದ್ದು. ಮದುವೆಯ ಕರೆಯೋಲೆ ಮತ್ತು ಛಾಯಾಚಿತ್ರಗಳು ಇದಕ್ಕೆ ಬದಲಿಯಾಗುವುದಿಲ್ಲ.

ಇತರೆ

ವಿದ್ಯಾರ್ಥಿ ವಸತಿಗೆ ವಿಶ್ವವಿದ್ಯಾಲಯದಲ್ಲಿ ಹಾಸ್ಟೆಲ್ ಇರುತ್ತದೆ ಎಂದು ಭಾವಿಸತಕ್ಕದ್ದಲ್ಲ. ಹೆಲ್ಸಿಂಕಿ ಪ್ರದೇಶದಲ್ಲಿ ಹೋಆಸ್, ಟಾಂಪೆರೆಯಲ್ಲಿ ಟೋಆಸ್, ಓಲುವಿನಲ್ಲಿ ಪ್ಸೋಆಸ್ ಎಂಬ ಪ್ರತ್ಯೇಕ ಸಂಸ್ಥೆಗಳು ಕೊಠಡಿಗಳನ್ನು ಹಂಚುತ್ತವೆ. ಪ್ರವೇಶ ದೃಢಪಟ್ಟ ದಿನವೇ ಅಲ್ಲಿಗೆ ಅರ್ಜಿ ಹಾಕುವುದು ಕ್ಷೇಮ.

ವಿದೇಶಕ್ಕೆ ಶುಲ್ಕ ರವಾನಿಸುವಾಗ ನಿಗದಿತ ಮಿತಿ ಮೀರಿದಲ್ಲಿ ಬ್ಯಾಂಕು ಮೂಲದಲ್ಲಿಯೇ ತೆರಿಗೆ ಸಂಗ್ರಹಿಸಬಹುದು. ಹೀಗೆ ಸಂಗ್ರಹವಾದ ಮೊತ್ತವನ್ನು ಆದಾಯ ತೆರಿಗೆ ವಿವರಣ ಪಟ್ಟಿ ಸಲ್ಲಿಸುವಾಗ ಹೊಂದಾಣಿಕೆ ಮಾಡಿಕೊಳ್ಳಲು ಅವಕಾಶವಿರುವುದರಿಂದ ರಸೀದಿಯನ್ನು ಜೋಪಾನವಾಗಿರಿಸತಕ್ಕದ್ದು. ರಾಜ್ಯ ಸರ್ಕಾರಿ ನೌಕರರು ವಿದೇಶ ಪ್ರಯಾಣಕ್ಕೆ ಹಾಗೂ ಅಧ್ಯಯನ ರಜೆಗೆ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಪಡೆದ ನಂತರವೇ ಪ್ರವೇಶವನ್ನು ಸ್ವೀಕರಿಸತಕ್ಕದ್ದು.