ಉಪ್ಪುನೀರಿನ ವಿಕಿರಣವಿಭಜನೆಯಲ್ಲಿ ಬ್ರೋಮೈಡ್: ಕಾಗಾಲದ ಗಜನಿ ನೀರನ್ನು ಮುಂದಿಟ್ಟುಕೊಂಡು

ಉತ್ತರ ಕನ್ನಡದಲ್ಲಿ ನೀರು ಮತ್ತು ವಿಕಿರಣದ ಮಾತು ಬಂದರೆ ಅದು ಕೈಗಾದ ಅಣುವಿದ್ಯುತ್ ಸ್ಥಾವರದಲ್ಲಿಯೇ ನಿಂತುಬಿಡುತ್ತದೆ. ಅಲ್ಲಿನ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಲ್ಲಿ ನ್ಯೂಟ್ರಾನ್‌ಗಳ ವೇಗ ತಗ್ಗಿಸುವುದೂ ಇಂಧನದ ಶಾಖವನ್ನು ಒಯ್ಯುವುದೂ ಭಾರಜಲವೇ. ವಿಕಿರಣಕ್ಕೆ ಸಿಕ್ಕಿ ಅದು ಒಡೆಯುತ್ತಲೇ ಇರುತ್ತದೆ (ಇದೇ ವಿಕಿರಣವಿಭಜನೆ), ಒಡೆದದ್ದು ಮತ್ತೆ ಕೂಡುತ್ತಲೂ ಇರುತ್ತದೆ. ಹೀಗೆ ಕೂಡಿಕೊಳ್ಳಲು ನೀರು ಶುದ್ಧವಾಗಿರಬೇಕು. ಶುದ್ಧವಲ್ಲದ ನೀರಿನ ಗತಿ ಏನು ಎಂಬುದನ್ನು ಕುಮಟಾ ತಾಲ್ಲೂಕಿನ ಕಾಗಾಲದ ಗಜನಿಗಳ, ಅಂದರೆ ಅಘನಾಶಿನಿ ಅಳಿವೆಯ ಉಪ್ಪುನೀರು ಹಾಯುವ ಗದ್ದೆಗಳ, ನೀರಿಗೆ ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ.

ಗಾಮಾ ಕಿರಣ ಹಾಯ್ದಾಗ ನೀರು ಹೀರುವ ಪ್ರತಿ 100 ಎಲೆಕ್ಟ್ರಾನ್ ವೋಲ್ಟ್ ಶಕ್ತಿಗೆ ಸುಮಾರು 2.7 ಹೈಡ್ರಾಕ್ಸಿಲ್ ರ‍್ಯಾಡಿಕಲ್, ಅಷ್ಟೇ ಜಲಾವೃತ ಎಲೆಕ್ಟ್ರಾನ್, 0.6ರಷ್ಟು ಹೈಡ್ರೋಜನ್ ಪರಮಾಣು ಉಳಿಯುತ್ತವೆ. ಜೊತೆಗೆ 0.45 ಹೈಡ್ರೋಜನ್ ಅಣು, 0.7 ಹೈಡ್ರೋಜನ್ ಪೆರಾಕ್ಸೈಡ್. ಜಲಾವೃತ ಎಲೆಕ್ಟ್ರಾನನ್ನು 1962ರಲ್ಲಿ ಹಾರ್ಟ್ ಮತ್ತು ಬೋಗ್ 720 ನ್ಯಾನೊಮೀಟರ್ ಸುತ್ತಲಿನ ಬೆಳಕಿನ ಹೀರಿಕೆಯಿಂದ ಗುರುತಿಸಿದರು. ಅಲ್ಲಿಯವರೆಗೆ ಅದು ಬಹುಮಟ್ಟಿಗೆ ಊಹೆಯಾಗಿತ್ತು.

ನಮ್ಮ ವಾದಕ್ಕೆ ಮುಖ್ಯವಾದುದು ಇದರ ನಂತರದ ಸರಪಳಿ. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹೈಡ್ರೋಜನ್ ಅಣುವನ್ನು ಹಿಡಿದು ನೀರಾಗುತ್ತದೆ, ಒಂದು ಹೈಡ್ರೋಜನ್ ಪರಮಾಣುವನ್ನು ಬಿಡುತ್ತದೆ. ಆ ಪರಮಾಣು ಪೆರಾಕ್ಸೈಡನ್ನು ಒಡೆದು ನೀರನ್ನೂ ಇನ್ನೊಂದು ಹೈಡ್ರಾಕ್ಸಿಲನ್ನೂ ಕೊಡುತ್ತದೆ. ರಿಯಾಕ್ಟರಿನ ಶಾಖವಾಹಕ ಭಾರಜಲದಲ್ಲಿ ಬೇಕೆಂದೇ ಒಂದಿಷ್ಟು ಡ್ಯೂಟೀರಿಯಂ ಕರಗಿಸಿಟ್ಟುಕೊಳ್ಳುವುದು ಈ ಸರಪಳಿ ಕಡಿಯದಿರಲಿ ಎಂದೇ.

ಸಮುದ್ರದ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 19 ಗ್ರಾಂ ಹತ್ತಿರ ಇದೆ, ಬ್ರೋಮೈಡ್ ಬರೀ 65 ಮಿಲಿಗ್ರಾಂ. ಸರಪಳಿ ಕಡಿಯುವುದು ಕ್ಲೋರೈಡ್ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಕ್ಲೋರೈಡ್ ಹಿಡಿದ ಹೈಡ್ರಾಕ್ಸಿಲ್ ಆಮ್ಲವಿಲ್ಲದ ನೀರಿನಲ್ಲಿ ಕ್ಷಣದಲ್ಲಿ ಬಿಡಿಸಿಕೊಳ್ಳುತ್ತದೆ. ಬ್ರೋಮೈಡಿನ ಹಿಡಿತ ಹಾಗಲ್ಲ. ಸಮಪ್ರಮಾಣದಲ್ಲಿದ್ದರೆ ಅದು ಹೈಡ್ರೋಜನ್ ಅಣುವಿಗಿಂತ 250 ಪಟ್ಟಿಗೂ ಹೆಚ್ಚು ವೇಗವಾಗಿ ಹೈಡ್ರಾಕ್ಸಿಲನ್ನು ಕಸಿಯುತ್ತದೆ. ಮರಳಿ ನೀರಾಗುವ ದಾರಿ ಅಲ್ಲಿಗೆ ಕಟ್ಟಿತು. ಹೈಡ್ರೋಜನ್, ಪೆರಾಕ್ಸೈಡ್ ಎರಡೂ ಉಳಿದುಹೋಗುತ್ತವೆ. 2011ರ ಮಾರ್ಚ್‌ನಲ್ಲಿ ಫುಕುಶಿಮಾದ ರಿಯಾಕ್ಟರುಗಳಿಗೆ ಸಮುದ್ರದ ನೀರು ಹಾಯಿಸಿದ ಮೇಲೆ ಈ ಪ್ರಶ್ನೆಗೆ ಹೊಸ ತುರ್ತು ಬಂತು.

ಕಾಗಾಲದ ನೀರಿನ ವಿಶೇಷವೆಂದರೆ ಅದು ವರ್ಷವಿಡೀ ಒಂದೇ ಅಲ್ಲ. ಅಘನಾಶಿನಿ ನದಿಗೆ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದ ನೆರೆ ಉಪ್ಪನ್ನು ಕಡಲಿಗೆ ತಳ್ಳುತ್ತದೆ, ಬೇಸಿಗೆಯ ಭರತಕ್ಕೆ ಅದು ಮತ್ತೆ ಏರಿ ಬರುತ್ತದೆ. ಗಜನಿಯಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವುದು ಈ ಲಯ ನಂಬಿ. ಪ್ರಕಟಿತ ವೇಗಾಂಕಗಳನ್ನಿಟ್ಟು ಲೆಕ್ಕ ಹಾಕಿದರೆ, ಉಪ್ಪು ಕಡಲಿನ ನೂರನೇ ಒಂದು ಪಾಲಿಗೆ ಇಳಿದಾಗ ಬ್ರೋಮೈಡೂ ಲೀಟರಿಗೆ ಒಂದೆರಡು ಮಿಲಿಗ್ರಾಂ ಕರಗಿದ ಸಾವಯವ ಇಂಗಾಲವೂ ಹೈಡ್ರಾಕ್ಸಿಲಿಗಾಗಿ ಹೆಚ್ಚುಕಡಿಮೆ ಸರಿಸಮನಾಗಿ ಸೆಣಸುತ್ತವೆ. ಅದಕ್ಕಿಂತ ಉಪ್ಪಾದರೆ ಬ್ರೋಮೈಡಿನದೇ ಮೇಲುಗೈ. ಸಾಣಿಕಟ್ಟಾದಂಥ ಆಗರಗಳಲ್ಲಿ ಉಪ್ಪು ಕೂತ ಮೇಲೆ ಉಳಿಯುವ ಕಹಿನೀರಿನಲ್ಲಂತೂ ಬ್ರೋಮೈಡ್ ಇನ್ನಷ್ಟು ಸಾಂದ್ರ.

ಇದನ್ನು ಓದಿ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಜೀವಿ ಹೆಕ್ಕುವವರು ಹೆದರಬೇಕಿಲ್ಲ. ಕಡಲ ನೀರಿನಲ್ಲಿ ಸಹಜವಾಗಿರುವ ಪೊಟ್ಯಾಸಿಯಂ-40 ಲೀಟರಿಗೆ ಸುಮಾರು 12 ಬೆಕೆರೆಲ್. ಅದರ ಬೀಟಾ ಕಣಗಳಿಂದ ನೀರಿಗೆ ವರ್ಷಕ್ಕೆ ದಕ್ಕುವುದು 30 ಮೈಕ್ರೋಗ್ರೇ ಆಸುಪಾಸು. ಹುಟ್ಟುವ ಪೆರಾಕ್ಸೈಡ್ ಲೀಟರಿಗೆ ಒಂದು ಮೋಲ್‌ನ ಲಕ್ಷ ಕೋಟಿಯಲ್ಲಿ ಎರಡು ಭಾಗ. ಬಿಸಿಲೊಂದೇ ಇದರ ಸಾವಿರಾರು ಪಟ್ಟು ಪೆರಾಕ್ಸೈಡ್ ಮಾಡುತ್ತದೆ.

ಬ್ರೋಮೈಡ್ ಮತ್ತು ಸಾವಯವ ಇಂಗಾಲದ ಸೆಣಸಾಟದ ಲೆಕ್ಕವನ್ನು ಪ್ರಯೋಗದಿಂದ ಪರೀಕ್ಷಿಸುವುದು ಕಷ್ಟವಲ್ಲ. ಜುಲೈ ಮತ್ತು ಏಪ್ರಿಲ್‌ನಲ್ಲಿ ಒಂದೇ ಗಜನಿಯ ನೀರು ತುಂಬಿ, ಬ್ರೋಮೈಡ್ ಮತ್ತು ಸಾವಯವ ಇಂಗಾಲ ಅಳೆದು, ಕೋಬಾಲ್ಟ್-60 ಗಾಮಾ ಕೋಶದಲ್ಲಿ ಸಮಾನ ಪ್ರಮಾಣದ ವಿಕಿರಣ ಕೊಟ್ಟು ನೋಡಿದರೆ ಸಾಕು. ಅಂಥ ಸೌಕರ್ಯವುಳ್ಳ ವಿಶ್ವವಿದ್ಯಾಲಯಗಳು ಇದನ್ನು ಕೈಗೆತ್ತಿಕೊಳ್ಳಬೇಕು.