ಮೂಡಣ ಗಡಿಯ ವೀರಗಲ್ಲುಗಳು

ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಮಡಿದವನ ಹೆಸರಿನಲ್ಲಿ ಕಲ್ಲು ನಿಲ್ಲಿಸುವ ಪದ್ಧತಿ ಕೋಲಾರ ಸೀಮೆಯಲ್ಲಿ ಸಾವಿರ ವರ್ಷಕ್ಕೂ ಹಳೆಯದು. ರಾಯಲ್ಪಾಡಿನ ಕಡೆಯ ಆಂಧ್ರದ ಗಡಿಯಿಂದ ಶ್ರೀನಿವಾಸಪುರ, ಮುಳಬಾಗಿಲು, ಆವನಿಯವರೆಗೆ ಹರಡಿದ ಈ ಗುಡ್ಡ–ಕೆರೆಗಳ ನಾಡಿನಲ್ಲಿ ಇಂದಿಗೂ ಕನ್ನಡ, ತೆಲುಗು ಎರಡೂ ಮನೆಮಾತು. ಎಂಟರಿಂದ ಹತ್ತನೆಯ ಶತಮಾನದ ನಡುವೆ ಇಲ್ಲಿ ಗಂಗರು, ಬಾಣರು, ನೊಳಂಬರು, ವೈದುಂಬರು ಒಬ್ಬರನ್ನೊಬ್ಬರು ತಳ್ಳಾಡಿದರು. ಆಮೇಲೆ ತಮಿಳು ನಾಡಿನಿಂದ ಚೋಳರು ಬಂದರು. ಯಾರು ಗೆದ್ದರೂ ಗಡಿಯ ಊರು ಮೊದಲು ಕಳೆದುಕೊಳ್ಳುತ್ತಿದ್ದದ್ದು ದನಗಳನ್ನೇ. ದನವೇ ಆಗಿನ ಸಂಪತ್ತು. ಹೊಲವನ್ನು ಹೊತ್ತೊಯ್ಯಲಾಗದು, ದನವನ್ನು ಹೊಡೆದುಕೊಂಡು ಹೋಗಬಹುದು.

ಇಂಥ ದಾಳಿಗೆ ಶಾಸನಗಳಲ್ಲಿ ತುರುಗೋಳ್ ಎಂಬ ಹೆಸರಿದೆ. ಊರಿಗೆ ಬೆಂಕಿಯಿಟ್ಟು ಸುಲಿಯುವುದು ಊರಳಿವು, ಹೆಂಗಸರನ್ನು ಎಳೆದೊಯ್ಯುವಾಗ ಏಳುವ ಹುಯ್ಯಲು ಪೆಣ್ಬುಯ್ಯಲ್. ಇವುಗಳಲ್ಲಿ ಒಂದಲ್ಲ ಒಂದು ಕಾರಣಕ್ಕೆ ಸತ್ತವನೇ ಹೆಚ್ಚಿನ ವೀರಗಲ್ಲುಗಳ ನಾಯಕ. ಅರಸನ ಯುದ್ಧದಲ್ಲಿ ಸತ್ತವರಿಗೂ, ಹುಲಿ, ಹಂದಿಯ ಬೇಟೆಯಲ್ಲಿ ಸತ್ತವರಿಗೂ ಕಲ್ಲುಗಳುಂಟು. ಕರ್ನಾಟಕದಲ್ಲಿ ಈವರೆಗೆ ದಾಖಲಾದ ವೀರಗಲ್ಲುಗಳು ಎರಡು ಸಾವಿರಕ್ಕೂ ಹೆಚ್ಚು.

ಗಂಗರ ಕಾಲದ ಕಲ್ಲು ನೋಡಲು ಸರಳ. ಒಂದೇ ಚಪ್ಪಡಿ, ಅದರ ನಡುವೆ ಎದುರಾಳಿಗಳಿಗಿಂತ ದೊಡ್ಡದಾಗಿ ಕೆತ್ತಿದ ವೀರ. ಮೇಲಕ್ಕೆತ್ತಿ ಕಟ್ಟಿದ ತುರುಬು, ಕೈಯಲ್ಲಿ ಕತ್ತಿ ಇಲ್ಲವೆ ಬಿಲ್ಲು, ಸೊಂಟದಲ್ಲಿ ಕಠಾರಿ. ಕೆಲವು ಕಲ್ಲುಗಳಲ್ಲಿ ಅವನ ಮೈಗೆ ನಾಟಿದ ಬಾಣಗಳೂ ಕಾಣುತ್ತವೆ. ಒಂದು ಮೂಲೆಯಲ್ಲಿ ಎರಡೋ ಮೂರೋ ದನ ಕೆತ್ತಿದರೆ ಇಡೀ ಹಿಂಡು ಬಂದಂತೆ. ಅಕ್ಷರಗಳು ಚಿತ್ರದ ಮೇಲೆ, ಜಾಗ ಸಾಲದಾಗ ಅಂಚಿನಲ್ಲಿ, ಕೆಲವೊಮ್ಮೆ ವೀರನ ಕಾಲುಗಳ ಸಂದಿನಲ್ಲೂ ಹರಿದಿರುತ್ತವೆ. ಕಲ್ಲುಕುಟಿಗ ಮೊದಲು ಚಿತ್ರ ಮುಗಿಸಿ ಉಳಿದ ಜಾಗದಲ್ಲಿ ಬರಹವನ್ನು ತುರುಕಿದನೆಂಬುದು ಇಂಥ ಕಲ್ಲುಗಳನ್ನು ನೋಡಿದರೇ ತಿಳಿಯುತ್ತದೆ. ಕಾಲಕ್ರಮದಲ್ಲಿ ಕಲ್ಲು ಮೂರು ಅಂಕಣಗಳದ್ದಾಯಿತು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವ ದೃಶ್ಯ, ಮೇಲೆ ಕೈಲಾಸದಲ್ಲಿ ಲಿಂಗದೆದುರು ಕುಳಿತ ವೀರ. ಮಣ್ಣಿನಿಂದ ದೇವಲೋಕದವರೆಗಿನ ಪಯಣವೆಲ್ಲ ಆಳೆತ್ತರದ ಕಲ್ಲಿನೊಳಗೆ ಮುಗಿಯುತ್ತದೆ.

ಸತ್ತವನಿಗೆ ಸ್ವರ್ಗ ಸಿಕ್ಕಿತು, ಮನೆಯವರಿಗೆ ಭೂಮಿ ಸಿಗಬೇಕು. ವೀರನ ಮಕ್ಕಳಿಗೆ ಬಿಟ್ಟ ಹೊಲ, ಗದ್ದೆ, ಊರುಗಳನ್ನು ಶಾಸನಗಳು ಕಲ್ನಾಡು ಎಂದೂ, ರಕ್ತ ಸುರಿಸಿದ್ದಕ್ಕೆ ಕೊಟ್ಟ ಭೂಮಿಯನ್ನು ನೆತ್ತರುಗೊಡಗೆ ಎಂದೂ ಕರೆಯುತ್ತವೆ. ಕತ್ತಿ ತೊಳೆದು ದಾನ ಕೊಡುವ ಬಾಳ್ಗಳ್ಚು ಎಂಬ ಆಚರಣೆ ಐದನೆಯ ಶತಮಾನದ ಹಲ್ಮಿಡಿ ಶಾಸನದಲ್ಲೇ ಇದೆ. ಕಲ್ನಾಡಿಗೆ ಬೆಂಗಳೂರಿನ ಬೇಗೂರಿನ ಕಲ್ಲು ಒಳ್ಳೆಯ ಉದಾಹರಣೆ. ಸುಮಾರು 890ರ ಈ ಕಲ್ಲಿನ ಪ್ರಕಾರ, ಗಂಗ ಎರೆಯಪ್ಪನ ಪರವಾಗಿ ವೀರಮಹೇಂದ್ರನ ಮೇಲೆ ಹೋದ ನಾಗತ್ತರನು ತುಂಬೆಪಾಡಿಯಲ್ಲಿ ಆನೆಗಳೊಡನೆ ಕಾದಿ ಸತ್ತ. ಎರೆಯಪ್ಪನು ಇರುಗ ಎಂಬವನಿಗೆ ನಾಗತ್ತರ ಪಟ್ಟ ಕಟ್ಟಿ ಬೆಂಪೂರು ಹನ್ನೆರಡು ಎಂಬ ಊರುಗಳ ಗುಂಪನ್ನು ಕಲ್ನಾಡಾಗಿ ಕೊಟ್ಟ. ಆದ್ದರಿಂದ ವೀರಗಲ್ಲು ಬರಿಯ ನೆನಪಿನ ಕಲ್ಲಲ್ಲ, ಜಮೀನಿನ ಹಕ್ಕುಪತ್ರವೂ ಹೌದು. ಅದನ್ನು ಅಳಿಸಿದವನಿಗೆ ಶಾಪ ಬರೆದಿಟ್ಟದ್ದರಲ್ಲಿ ಭಕ್ತಿಯಷ್ಟೇ ಲೆಕ್ಕಾಚಾರವೂ ಇದೆ.

ಇದೇ ಸೀಮೆಯ ಬೆಟ್ಟಗಳಲ್ಲಿ ಪುರಾಣದ ವೀರರೂ ನೆಲೆಸಿದ್ದಾರೆ. ಕೋಲಾರದ ಪಕ್ಕದ ಶತಶೃಂಗ ಪರ್ವತ ಪರಶುರಾಮನ ಕಥೆಯ ಜಾಗ. ಜಮದಗ್ನಿಯ ಆಶ್ರಮಕ್ಕೆ ಬಂದ ಸಾವಿರ ತೋಳಿನ ಕಾರ್ತವೀರ್ಯಾರ್ಜುನ ಕಾಮಧೇನುವನ್ನು ಕಂಡು ಆಸೆಪಟ್ಟು ಹೊಡೆದುಕೊಂಡು ಹೋದ. ಪರಶುರಾಮ ಕೊಡಲಿ ಹಿಡಿದು ಬೆನ್ನಟ್ಟಿ ಅವನ ತೋಳುಗಳನ್ನು ಕಡಿದ. ಮುಳಬಾಗಿಲು ತಾಲ್ಲೂಕಿನ ಆವನಿ ಬೆಟ್ಟದಲ್ಲಿ ವಾಲ್ಮೀಕಿಯ ಆಶ್ರಮವಿತ್ತೆಂದೂ, ಸೀತೆ ಅಲ್ಲಿಯೇ ಲವ–ಕುಶರನ್ನು ಹೆತ್ತಳೆಂದೂ, ಆ ಹುಡುಗರು ಯಜ್ಞದ ಕುದುರೆಯನ್ನು ಕಟ್ಟಿಹಾಕಿ ರಾಮನ ಸೈನ್ಯವನ್ನೇ ತಡೆದರೆಂದೂ ನಂಬಿಕೆ. ಬೆಟ್ಟದ ಬುಡದಲ್ಲಿ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂಬ ಗುಡಿಗಳು ನೊಳಂಬರ ಕಾಲದಿಂದ ನಿಂತಿವೆ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಏಕಚಕ್ರಪುರ. ಬಂಡಿ ಅನ್ನದ ಜೊತೆ ಮನುಷ್ಯನನ್ನೂ ತಿನ್ನುತ್ತಿದ್ದ ಬಕಾಸುರನನ್ನು ಭೀಮ ಕೊಂದದ್ದು ಅಲ್ಲಿ ಎನ್ನುತ್ತಾರೆ. ಮೂರರಲ್ಲಿ ಎರಡು ಕಥೆಗಳು ಹಿಡಿದುಕೊಂಡು ಹೋದ ಪ್ರಾಣಿಯಿಂದ ಶುರುವಾಗುತ್ತವೆ. ಪರಶುರಾಮನ ಕಥೆಯಲ್ಲಿರುವ ದೈವಿಕತೆಯನ್ನು ತೆಗೆದಿಟ್ಟರೆ ಉಳಿಯುವುದು ತುರುಗೋಳೇ.

ಗ್ರೀಕರ ಪುರಾಣವೂ ಈ ಮಾತಿನಲ್ಲಿ ದೂರದ್ದಲ್ಲ. ಮನುಷ್ಯ ತಾಯಿ ಆಲ್ಕ್ಮೀನಿಗೆ ಹುಟ್ಟಿ, ದೇವತೆ ಹೀರಾಳ ಹಗೆಗೆ ಗುರಿಯಾದ ಹೆರಾಕ್ಲೀಸ್ ಮಾಡಬೇಕಾಗಿ ಬಂದ ಹನ್ನೆರಡು ಸಾಹಸಗಳಲ್ಲಿ ಹತ್ತನೆಯದು ಮೂರು ಮೈಯ ರಾಕ್ಷಸ ಗೆರಿಯಾನನ ದನಗಳನ್ನು ಹೊಡೆದುಕೊಂಡು ಬರುವುದು. ಅಲ್ಲಿ ದನಗಳ್ಳನೇ ನಾಯಕ, ಇಲ್ಲಿ ದನ ಬಿಡಿಸಿದವನು ನಾಯಕ. ಕಡೆಗೆ ಹೆರಾಕ್ಲೀಸ್ ಚಿತೆಯೇರಿ ಓಲಿಂಪಸ್ ಸೇರಿದ. ಗ್ರೀಕರು ಅಂಥ ವೀರರ ಸಮಾಧಿಗಳಿಗೆ ಬಲಿ, ನೈವೇದ್ಯ ಕೊಡುತ್ತಿದ್ದರು. ದೇವತೆ ಅಥೀನಾಳ ಮಾಯೆಗೆ ಸಿಕ್ಕು ದನದ ಹಿಂಡನ್ನೇ ಶತ್ರುಗಳೆಂದು ಕಡಿದು ಹಾಕಿದ ಏಜಾಕ್ಸನ ದುರಂತವನ್ನು ಬಿ.ಎಂ.ಶ್ರೀ. ‘ಅಶ್ವತ್ಥಾಮನ್’ ಎಂಬ ನಾಟಕವಾಗಿ 1929ರಲ್ಲಿ ಕನ್ನಡಕ್ಕೆ ಒಗ್ಗಿಸಿದರು. ಸತ್ತ ವೀರನಿಗೆ ಸಲ್ಲಬೇಕಾದ ಗೌರವ ಆ ಕಥೆಯ ತಿರುಳು. ವೀರಗಲ್ಲಿನ ನಾಡಿಗೆ ಅದು ಹೊಸದೇನಲ್ಲ.

ಆದರೆ ಒಂದು ವಿಷಯದಲ್ಲಿ ಕೋಲಾರ ಸೀಮೆ ಬೇರೆ. ಇಲ್ಲಿ ಆಳಿದ ಬಾಣರು ತಮ್ಮನ್ನು ಅಸುರ ಕುಲದವರೆಂದೇ ಹೇಳಿಕೊಂಡರು. ಉಳಿದ ಅರಸರು ಸೂರ್ಯವಂಶ, ಚಂದ್ರವಂಶಗಳ ಬೆನ್ನು ಹತ್ತಿದ್ದಾಗ ಬಾಣರ ಶಾಸನಗಳು ಅವರನ್ನು ಮಹಾಬಲಿಯ ಕುಲದಲ್ಲಿ ಹುಟ್ಟಿದವರೆಂದು ಹೊಗಳುತ್ತವೆ. ಸುರಾಸುರರ ಒಡೆಯನಾದ ಪರಮೇಶ್ವರನನ್ನೇ ಬಾಗಿಲು ಕಾಯಲು ನಿಲ್ಲಿಸಿಕೊಂಡವನು ಆ ಪೂರ್ವಜ ಎಂಬ ಬಿರುದು ಕಲ್ಲಿನಿಂದ ಕಲ್ಲಿಗೆ ಮರುಕಳಿಸುತ್ತದೆ. ಬಲಿಯ ಮಗ ಬಾಣಾಸುರನಿಗೂ ಸಾವಿರ ತೋಳು. ಒಬ್ಬ ಸಾವಿರ ತೋಳಿನವನನ್ನು ಕೊಂದ ಕಥೆ ಹೇಳುವ ಬೆಟ್ಟದ ನಾಡನ್ನು ಇನ್ನೊಬ್ಬ ಸಾವಿರ ತೋಳಿನವನ ವಂಶದವರು ಆಳಿದರು. ಇದನ್ನು ಆ ಕಾಲದ ಯಾರೂ ವಿಚಿತ್ರವೆಂದು ಭಾವಿಸಿದಂತಿಲ್ಲ. ಪುರಾಣದಲ್ಲಿ ಸೋತ ಅಸುರ ಗಡಿನಾಡಿನಲ್ಲಿ ಕುಲದ ಹಿರಿಯನಾಗಬಹುದಿತ್ತು. ಹತ್ತನೆಯ ಶತಮಾನದ ಮೊದಲ ಭಾಗದಲ್ಲಿ ಚೋಳ ಒಂದನೆಯ ಪರಾಂತಕ ಬಾಣರನ್ನು ಕಿತ್ತುಹಾಕಿ, ಬಾಣಾಧಿರಾಜ ಎಂಬ ಬಿರುದನ್ನು ಗಂಗ ಎರಡನೆಯ ಪೃಥ್ವೀಪತಿಗೆ ಕೊಟ್ಟ.

ಬಾಣರ ಜೊತೆಗಾರನಾದ ವೈದುಂಬ ಅರಸ ಗಂಡತ್ರಿನೇತ್ರನ ಹೆಸರೂ ದೊಡ್ಡದೇ: ಶಿವನಂತೆ ಮೂರು ಕಣ್ಣಿನ ಗಂಡು. ಒಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಸೋರೆಮಡಿ ಎಂಬಲ್ಲಿ ಬಾಣ–ವೈದುಂಬರು ಒಂದಾಗಿ ನೊಳಂಬರನ್ನೂ ಅವರ ಜೊತೆಯವರನ್ನೂ ಎದುರಿಸಿದರು. ಆ ಕಾಳಗದಲ್ಲಿ ಸತ್ತ ಭಟರ ಕಲ್ಲುಗಳು ಗಡಿಯಾಚೆಯ ಮದನಪಲ್ಲಿ, ಪುಂಗನೂರು ಕಡೆಯಲ್ಲಿ ಸಿಕ್ಕಿವೆ. ಆರಂಭದ ತೆಲುಗು ಗದ್ಯದ ಅಧ್ಯಯನಕ್ಕೆ ಇಂಥ ಬರಹಗಳು ಬೆಲೆಯುಳ್ಳವು. ದೊರೆಯ ಬಿರುದು ಕಲ್ಲಿನ ಮೇಲಿನ ಸಾಲಿನಲ್ಲಿ ಬಂದು ಮುಗಿಯುತ್ತದೆ. ಚಿತ್ರ ಮಾತ್ರ ಭಟನದು.

ಐನೂರು ವರ್ಷದ ಬಳಿಕ ಇದೇ ನಾಡಿನಿಂದ ಹೊರಟ ಇನ್ನೊಬ್ಬ ವೀರನಿಗೆ ಕಲ್ಲಿನ ಬದಲು ಕಾವ್ಯ ಸಿಕ್ಕಿತು. ವಿಜಯನಗರದ ಒಂದನೆಯ ಬುಕ್ಕನ ಮಗ ಕುಮಾರ ಕಂಪಣ ಮುಳಬಾಗಿಲಿನಲ್ಲಿ ನೆಲೆ ಮಾಡಿಕೊಂಡು, ಮೊದಲು ತೊಂಡೈನಾಡಿನ ಶಂಬುವರಾಯರನ್ನು ಮಣಿಸಿ, 1371ರ ಸುಮಾರಿಗೆ ಮಧುರೆಯ ಸುಲ್ತಾನರ ಮೇಲೆ ಏರಿಹೋದ. ಅವನ ಹೆಂಡತಿ ಗಂಗಾದೇವಿ ಸಂಸ್ಕೃತದಲ್ಲಿ ಬರೆದ ‘ಮಧುರಾ ವಿಜಯ’ದಲ್ಲಿ ಮುಳಬಾಗಿಲು ಕಂಟಕಾನನ ಪಟ್ಟಣವಾಗಿದೆ. ಕಾಂಚಿಯಲ್ಲಿದ್ದ ಕಂಪಣನೆದುರು ಅಪರಿಚಿತ ಹೆಂಗಸೊಬ್ಬಳು ಬಂದು ದಕ್ಷಿಣದ ದುಃಸ್ಥಿತಿಯನ್ನು ಬಣ್ಣಿಸಿ, ವಿಶ್ವಕರ್ಮ ಮಾಡಿದ ಖಡ್ಗವನ್ನು ಕೈಗೆ ಕೊಡುತ್ತಾಳೆ. ಅದರಿಂದ ಅವನು ಸುಲ್ತಾನನನ್ನು ದ್ವಂದ್ವದಲ್ಲಿ ಕೊಲ್ಲುತ್ತಾನೆ. ದೇವರ ಆಯುಧ ಪಡೆದು ರಾಕ್ಷಸನನ್ನು ಕೊಲ್ಲುವ ಹಳೆಯ ಕಥೆಯ ಅಚ್ಚಿನಲ್ಲಿ ರಾಣಿ ತನ್ನ ಕಾಲದ ದಂಡಯಾತ್ರೆಯನ್ನು ಎರಕ ಹೊಯ್ದಳು. ಇತಿಹಾಸ ಅಷ್ಟು ನುಣುಪಾಗಿಲ್ಲ: ಮಧುರೆಯ ಸುಲ್ತಾನರ ನಾಣ್ಯಗಳು 1377–78ರವರೆಗೂ ಸಿಗುತ್ತವೆ. ಕಂಪಣ ಅದಕ್ಕೂ ಮೊದಲೇ, 1374ರಲ್ಲಿ ತೀರಿಕೊಂಡಿದ್ದ. ಕಾವ್ಯದ ಓಲೆಪ್ರತಿ ಬೆಳಕಿಗೆ ಬಂದದ್ದು 1916ರಲ್ಲಿ, ತಿರುವನಂತಪುರದಲ್ಲಿ. ದನ ಬಿಡಿಸಲು ಹೋದವನ ಕಲ್ಲಿನಲ್ಲಿ ಯಾವ ದೇವರೂ ಆಯುಧ ಕೊಡುವುದಿಲ್ಲ. ದೇವರ ಪಾಲು ಬರುವುದು ಅವನು ಸತ್ತ ಮೇಲೆ.

ಸತ್ತ ಮೇಲಿನ ಪೂಜೆಯ ಕಟ್ಟಳೆಯನ್ನು ಮದ್ದೂರು ಬಳಿಯ ಆತಕೂರಿನ ಕಲ್ಲು ಚೆನ್ನಾಗಿ ತೋರಿಸುತ್ತದೆ. 949–50ರ ಆ ಶಾಸನ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯದು. ಗುಡಿಯ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಗಲುತ್ತದೆಂದು ಅದರಲ್ಲಿ ಬರೆದಿದೆ. ಹಳೆಯ ಮೈಸೂರಿನ ಹಲವು ಊರುಗಳಲ್ಲಿ ವೀರಗಲ್ಲು ಕ್ರಮೇಣ ವೀರಗಾರನೆಂಬ, ವೀರಣ್ಣನೆಂಬ ದೇವರಾಯಿತು. ಸತ್ತವನ ನಿಜ ಹೆಸರು ಮರೆತರೂ ಹಬ್ಬದ ದಿನ ಎಣ್ಣೆ, ಅರಿಶಿನ ತಪ್ಪಲಿಲ್ಲ.

ಆ ಹೆಸರುಗಳು ಮತ್ತೆ ಹೊರಬಂದದ್ದು ಮೈಸೂರಿನ ಪುರಾತತ್ವ ಸರ್ವೇಕ್ಷಣೆಯಿಂದ. ಬಿ. ಎಲ್. ರೈಸ್ ಅವರ ಸಿಬ್ಬಂದಿ ಊರೂರು ತಿರುಗಿ ಪಡಿಯಚ್ಚು ತೆಗೆದರು. ಕಲ್ಲನ್ನು ತಿಕ್ಕಿ ತೊಳೆದು, ಒದ್ದೆ ಕಾಗದ ಅಂಟಿಸಿ, ಬಿರುಸು ಕುಂಚದಿಂದ ಬಡಿದರೆ ಕಾಗದ ಅಕ್ಷರದ ಗುಳಿಗಳಿಗೆ ಇಳಿಯುತ್ತದೆ. ಆಮೇಲೆ ಮಸಿಯ ಉಂಡೆ ತಟ್ಟಿದಾಗ ನೆಲವೆಲ್ಲ ಕಪ್ಪಾಗಿ ಅಕ್ಷರ ಮಾತ್ರ ಬೆಳ್ಳಗೆ ಉಳಿಯುತ್ತದೆ. ಕೋಲಾರ ಜಿಲ್ಲೆಯ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವಾಗಿ 1905ರಲ್ಲಿ ಅಚ್ಚಾದವು. ಎಣ್ಣೆ ಜಿಡ್ಡುಗಟ್ಟಿದ, ಸುಣ್ಣ ಬಳಿದ ಕಲ್ಲಿನಲ್ಲಿ ಅಕ್ಷರ ಓದುವುದು ಕಷ್ಟ, ಬಣ್ಣದ ಪೇಂಟು ಬಿದ್ದರೆ ಇನ್ನೂ ಕಷ್ಟ. ಹೊಲ ಸಮ ಮಾಡುವಾಗಲೋ ಗುಡಿ ಹೊಸದಾಗಿ ಕಟ್ಟುವಾಗಲೋ ಬರಹವಿರುವ ಕಲ್ಲು ಸಿಕ್ಕಿದರೆ ಅದನ್ನು ಒಡೆಯದೆ, ಬಣ್ಣ ಬಳಿಯದೆ, ಪುರಾತತ್ವ ಇಲಾಖೆಗೆ ತಿಳಿಸಿ ಮೊದಲು ಒಂದು ಪಡಿಯಚ್ಚು ತೆಗೆಸಿಡಬೇಕು.